ಮುರಿದ ಚೂರು ಎಲ್ಲಿ?

ಅಳಿಯಾ,

ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರಿಗೆ ನಿನ್ನನ್ನು ಹಾಕಿದ್ದಾರೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬಿಸಿಲಿನ ಬಂದೋಬಸ್ತ್ ತಪ್ಪಿತು, ಇನ್ನು ನೆರಳಲ್ಲಿ ಕೂತು ಮಾಡುವ ಕೆಲಸ ಅಂತ ಅವಳಿಗೆ ಸಮಾಧಾನ. ಅದನ್ನು ನಾನು ಕೆಡಿಸಲಿಲ್ಲ. ನಿನಗೆ ಮಾತ್ರ ಹೇಳುತ್ತೇನೆ: ಬಂದೋಬಸ್ತಿಗೆ ನಿಂತವನ ಜವಾಬ್ದಾರಿ ಒಂದು ರೈಫಲ್, ಆರ್ಮರಿಯಲ್ಲಿ ಕೂತವನ ಸಹಿ ಎಲ್ಲ ರೈಫಲ್‌ಗಳ ಮೇಲೂ ಇರುತ್ತದೆ. ಸೇನೆಯ ಆಯುಧ, ಯಂತ್ರಗಳನ್ನು ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ ಆರ್ಮರರ್ ಆಗಿ ನೌಕರಿ ಮುಗಿಸಿದವನು ನಾನು. ನಿನ್ನ ತರಬೇತಿಯಲ್ಲಿ ರೈಫಲ್ ಬಿಚ್ಚಿ ಜೋಡಿಸುವುದನ್ನು ಹೇಳಿಕೊಟ್ಟಿರುತ್ತಾರೆ. ಅದನ್ನು ನಾನು ಮತ್ತೆ ಹೇಳುವುದಿಲ್ಲ.

ನಿನ್ನ ರ‍್ಯಾಕಿನಲ್ಲಿ ಇನ್ಸಾಸ್ ಇರಬಹುದು, ಎಕೆ ಇರಬಹುದು. ಕೆಲಸ ಕಲಿಯಬೇಕೆಂದರೆ ಮೂಲೆಯಲ್ಲಿರುವ ಹಳೆಯ ಎಸ್‌ಎಲ್‌ಆರ್ ತೆಗೆದುಕೋ. ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. ಮುಂದಿನದನ್ನು ತಾನೇ ಏರಿಸಿಕೊಳ್ಳುತ್ತದೆ. ಅರೆ ಸ್ವಯಂಚಾಲಿತ ಅನ್ನುವುದು ಇದಕ್ಕೇ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಲ್ಲಿ ಡ್ಯೂಡೊನೆ ಸೇವ್ ಎಂಬ ವಿನ್ಯಾಸಕಾರ ರೂಪಿಸಿದ ಎಫ್‌ಎಎಲ್ ಇದರ ಮೂಲ. ಬ್ರಿಟಿಷರು ಅದನ್ನು ತಮ್ಮ ಅಂಗುಲದ ಅಳತೆಗೆ ತಿದ್ದಿ ಎಲ್1ಎ1 ಮಾಡಿಕೊಂಡರು. ನಮ್ಮ ಎಸ್‌ಎಲ್‌ಆರ್, ಅಂದರೆ 1ಎ1, ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯದು. 1962ರಲ್ಲಿ ಹಿಮಾಲಯದಲ್ಲಿ ನಮ್ಮವರ ಕೈಯಲ್ಲಿದ್ದದ್ದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ .303. 1971ರ ಯುದ್ಧದ ಹೊತ್ತಿಗೆ ಎಸ್‌ಎಲ್‌ಆರ್ ಬಂದಿತ್ತು. ತೊಂಬತ್ತರ ದಶಕದಲ್ಲಿ ಇನ್ಸಾಸ್ ಬಂದ ಮೇಲೆ ಸೇನೆಯಲ್ಲಿ ಇದು ಹಿಂದೆ ಸರಿಯಿತು, ಪೊಲೀಸ್ ಪಡೆಗಳಲ್ಲಿ ಉಳಿಯಿತು. ಅಂದರೆ ನಿನ್ನ ಮುಂದಿರುವುದು ವಯಸ್ಸಿನಲ್ಲಿ ನಿನಗಿಂತ ಹಿರಿಯದು, ಹತ್ತಾರು ಕೈ ದಾಟಿ ಬಂದದ್ದು. ಅದರೊಳಗೆ ಯಾರ‍್ಯಾರು ಏನೇನು ಬದಲಿಸಿದ್ದಾರೋ ರಿಜಿಸ್ಟರ್ ಹೇಳಬೇಕು. ಎಷ್ಟೋ ಸಲ ಹೇಳುವುದಿಲ್ಲ.

ದೂರು ನಿನ್ನ ಹತ್ತಿರ ಬರುವುದು ಒಂದೇ ಮಾತಿನಲ್ಲಿ: ‘ಸಾರ್, ರೈಫಲ್ ಸಿಕ್ಕಾಕ್ಕೊಳ್ತಿದೆ.’ ಅಷ್ಟು ಕೇಳಿ ಸ್ಪ್ಯಾನರ್ ಹುಡುಕಬೇಡ. ಸಿಕ್ಕಿಕೊಂಡಾಗ ಏನು ಕಂಡಿತು ಅಂತ ಕೇಳು. ಸಿಡಿದ ಗುಂಡಿನ ಖಾಲಿ ಖೋಕಾ ಚೇಂಬರಿನೊಳಗೇ ಉಳಿದು ಮುಂದಿನ ರೌಂಡಿನ ಮೂತಿ ಅದಕ್ಕೆ ಗುದ್ದಿತ್ತೋ? ಹಾಗಾದರೆ ಅನುಮಾನ ಎಕ್ಸ್‌ಟ್ರ್ಯಾಕ್ಟರ್ ಮೇಲೆ, ಇಲ್ಲವೇ ಚೇಂಬರಿನ ಮೇಲೆ. ಖೋಕಾ ಹೊರಗೆ ಬಂದೂ ಬಾಡಿಯೊಳಗೆ ಅಡ್ಡ ಸಿಕ್ಕಿತ್ತೋ? ಗ್ಯಾಸ್ ಸಾಲದು, ಅಥವಾ ಇಜೆಕ್ಟರ್ ಸವೆದಿದೆ. ಖೋಕಾ ಸರಿಯಾಗಿ ಹಾರಿಹೋಗಿ ಮುಂದಿನ ರೌಂಡ್ ಮಾತ್ರ ಬರಲಿಲ್ಲವೋ? ಮೊದಲು ಮ್ಯಾಗಜಿನ್ ನೋಡು. ಅದರ ತುಟಿ ಬಗ್ಗಿರುತ್ತದೆ ಅಥವಾ ಸ್ಪ್ರಿಂಗ್ ಸೋತಿರುತ್ತದೆ. ರೈಫಲಿನ ಒಳಗಿನ ಯಾವ ಭಾಗವನ್ನೂ ಮುಟ್ಟದೆ ಸರಿಹೋಗುವ ದೂರುಗಳು ನೀನಂದುಕೊಂಡದ್ದಕ್ಕಿಂತ ಹೆಚ್ಚು. ಏನಾಯಿತೆಂದು ರೈಫಲ್ ಪಡೆದ ಕಾನ್‌ಸ್ಟೆಬಲನೇ ಹೇಳಲಿ, ಅವನ ಪರವಾಗಿ ತಂದವನಲ್ಲ. ತಂದವನು ತಾನು ನೋಡದ್ದನ್ನೂ ಸೇರಿಸಿ ಹೇಳುತ್ತಾನೆ.

ಈಗ ಎಕ್ಸ್‌ಟ್ರ್ಯಾಕ್ಟರ್ ಮುರಿದಿದೆ ಎಂದೇ ಇಟ್ಟುಕೊಳ್ಳೋಣ. ಅದು ಬ್ರೀಚ್ ಬ್ಲಾಕಿನ ಮುಖದಲ್ಲಿರುವ ಸಣ್ಣ ಕೊಕ್ಕೆ. ಗುಂಡು ನಳಿಗೆಯಲ್ಲಿ ಓಡುವಾಗ ಅದರ ಹಿಂದಿನ ಗ್ಯಾಸಿನಲ್ಲಿ ಒಂದಿಷ್ಟು ಮೇಲಿನ ರಂಧ್ರದಿಂದ ಹೊರಟು ಪಿಸ್ಟನನ್ನು ಹಿಂದಕ್ಕೆ ದೂಡುತ್ತದೆ. ಪಿಸ್ಟನ್ ಕ್ಯಾರಿಯರನ್ನು ಗುದ್ದುತ್ತದೆ. ಕ್ಯಾರಿಯರ್ ಹಿಂದೆ ಸರಿಯುತ್ತ ಬ್ಲಾಕಿನ ಹಿಂಬದಿಯನ್ನು ಲಾಕಿಂಗ್ ಶೋಲ್ಡರಿನಿಂದ ಎತ್ತಿ ಬಿಡಿಸಿ ಜೊತೆಗೆ ಕೊಂಡೊಯ್ಯುತ್ತದೆ. ಆ ಓಟದಲ್ಲಿ ಈ ಕೊಕ್ಕೆ ಖೋಕಾದ ಅಂಚನ್ನು ಹಿಡಿದು ಚೇಂಬರಿನಿಂದ ಎಳೆಯಬೇಕು. ಪ್ರತಿ ಗುಂಡಿಗೂ ಎಳೆತ, ಕಣ್ಣು ಮಿಟುಕಿಸುವುದರೊಳಗೆ. ಸವೆಯುವುದು, ಮುರಿಯುವುದು ಸಹಜ. ಬೆಲೆಯೂ ಹೆಚ್ಚಿಲ್ಲ. ತೆಗೆದು ಹಾಕುವುದಕ್ಕೆ ಕೈ ಪಳಗಿದವನಿಗೆ ಕೆಲವೇ ನಿಮಿಷ. ಹುಡುಗರು ಎಡವುವುದು ಈ ಸಲೀಸಿನಿಂದಲೇ.

ಕೈ ಹಾಕುವ ಮುಂಚೆ ರೈಫಲ್ ಖಾಲಿ ಮಾಡು. ಮೊದಲು ಮ್ಯಾಗಜಿನ್ ತೆಗಿ, ಆಮೇಲೆ ಕಾಕ್ ಮಾಡು, ಆಮೇಲೆ ಚೇಂಬರಿನೊಳಗೆ ಕಣ್ಣಿಟ್ಟು ನೋಡು, ಕತ್ತಲಿದ್ದರೆ ಬೆರಳಿಟ್ಟು ನೋಡು. ಈ ಕ್ರಮ ತಲೆಕೆಳಗಾದರೆ, ಅಂದರೆ ಮ್ಯಾಗಜಿನ್ ಇರುವಾಗಲೇ ಕಾಕ್ ಮಾಡಿ ಆಮೇಲೆ ಅದನ್ನು ತೆಗೆದರೆ, ನೀನೇ ಒಂದು ರೌಂಡನ್ನು ಒಳಗೆ ಕೂರಿಸಿ ಖಾಲಿ ಎಂದು ನಂಬಿದಂತೆ. ಎಕ್ಸ್‌ಟ್ರ್ಯಾಕ್ಟರ್ ಮುರಿದ ರೈಫಲಿನಲ್ಲಿ ಇನ್ನೊಂದು ಅಪಾಯವಿದೆ. ಒಳಗಿನ ರೌಂಡನ್ನು ಎಳೆದು ಹೊರಗೆ ಹಾಕಬೇಕಾದ ಭಾಗವೇ ಅದು! ಕಾಕ್ ಮಾಡಿದೆ, ಏನೂ ಹೊರಗೆ ಬೀಳಲಿಲ್ಲ, ಆದ್ದರಿಂದ ಖಾಲಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಣ್ಣಿಗೆ ಕಂಡದ್ದೇ ಸಾಕ್ಷಿ.

ಬಿಚ್ಚಿದ ಮೇಲೆ ಮೊದಲ ಪ್ರಶ್ನೆ: ಮುರಿದ ಚೂರು ಎಲ್ಲಿ? ಕೊಕ್ಕೆಯ ತುದಿ ಮುರಿದು ಬಿದ್ದ ಉಕ್ಕಿನ ಚೂರು ಫೈರಿಂಗ್ ರೇಂಜಿನ ಮಣ್ಣಿನಲ್ಲಿರಬಹುದು, ಚೇಂಬರಿನಲ್ಲಿರಬಹುದು, ಟ್ರಿಗರ್ ಮೆಕ್ಯಾನಿಸಂ ಒಳಗೆ ಇಳಿದಿರಬಹುದು. ಹೊಸ ಕೊಕ್ಕೆ ಹಾಕಿ ಹಳೆಯ ಚೂರನ್ನು ಒಳಗೇ ಬಿಟ್ಟು ಮುಚ್ಚಿದ ರೈಫಲ್ ನಿನ್ನ ಮೇಜಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಆ ಚೂರು ಹ್ಯಾಮರನ್ನು ತಡೆದು ಹಿಡಿಯುವ ಸಿಯರಿನ ಹತ್ತಿರ ಸೇರಿದ ದಿನ ಏನು ಮಾಡುತ್ತದೆಂದು ಊಹಿಸು. ಬಿಳಿ ಬಟ್ಟೆಯ ಮೇಲೆ ಬಿಚ್ಚು, ಮುರಿದ ಎರಡು ತುಂಡನ್ನೂ ಒಂದರ ಪಕ್ಕ ಒಂದಿಟ್ಟು ಪೂರ್ತಿಯಾಗುತ್ತದೋ ಪರೀಕ್ಷಿಸು. ಸಿಗದಿದ್ದರೆ ಪ್ರತಿಯೊಂದು ಭಾಗವನ್ನೂ ಬಿಡಿಸಿ ತೊಳೆದು ಹುಡುಕು, ಅರ್ಧ ದಿನ ಹೋದರೂ ಸರಿ.

ಎರಡನೆಯದು, ಯಾಕೆ ಮುರಿಯಿತು. ಬಾವಿಯ ಹಗ್ಗ ಪದೇ ಪದೇ ಹರಿಯುತ್ತಿದ್ದರೆ ನಮ್ಮೂರ ಹೆಂಗಸರು ಹಗ್ಗದವನನ್ನು ಬೈಯುವ ಮುಂಚೆ ರಾಟೆ ನೋಡುತ್ತಿದ್ದರು. ಇಲ್ಲಿ ರಾಟೆ ಎಂದರೆ ಚೇಂಬರ್ ಮತ್ತು ಗ್ಯಾಸ್ ರೆಗ್ಯುಲೇಟರ್. ಗುಂಡು ಸಿಡಿದಾಗ ಹಿತ್ತಾಳೆಯ ಖೋಕಾ ಉಬ್ಬಿ ಚೇಂಬರಿನ ಗೋಡೆಗೆ ಒತ್ತುತ್ತದೆ, ಒತ್ತಡ ಇಳಿದ ಕೂಡಲೇ ಸಡಿಲವಾಗುತ್ತದೆ. ಗೋಡೆಯಲ್ಲಿ ಮಸಿ ಗಟ್ಟಿಯಾಗಿದ್ದರೆ, ಮಳೆಗಾಲದಲ್ಲಿ ಎಣ್ಣೆ ಕಾಣದೆ ತುಕ್ಕಿನ ಗುಳಿ ಬಿದ್ದಿದ್ದರೆ ಅದು ಸಡಿಲವಾಗದೆ ಕಚ್ಚಿಕೊಳ್ಳುತ್ತದೆ. ಕೊಕ್ಕೆ ಎಳೆಯುತ್ತದೆ, ಖೋಕಾ ಬಿಡುವುದಿಲ್ಲ. ಖೋಕಾದ ಅಂಚು ಹರಿಯಬೇಕು, ಇಲ್ಲವೇ ಕೊಕ್ಕೆ ಮುರಿಯಬೇಕು. ಪುಲ್‌ಥ್ರೂಗೆ ಚಿಂದಿ ಕಟ್ಟಿ ನಳಿಗೆ ಎಳೆದವರೆಲ್ಲ ಚೇಂಬರೂ ಚೊಕ್ಕಟವಾಯಿತು ಅಂದುಕೊಳ್ಳುತ್ತಾರೆ. ಚೇಂಬರ್ ನಳಿಗೆಗಿಂತ ಅಗಲ, ಆ ಚಿಂದಿ ಅದರ ಗೋಡೆಗೆ ತಾಗುವುದೇ ಇಲ್ಲ. ಅದಕ್ಕೆ ಬೇರೆಯದೇ ಬ್ರಷ್ ಇದೆ. ನಿನ್ನ ಕಂಪನಿಯಲ್ಲಿ ಅದು ಎಷ್ಟು ಜನರ ಕಿಟ್ಟಿನಲ್ಲಿದೆ ಎಂದು ಒಂದು ದಿನ ಎಣಿಸಿ ನೋಡು.

ಇನ್ನು ರೆಗ್ಯುಲೇಟರ್. ನಳಿಗೆಯಿಂದ ಬಂದ ಗ್ಯಾಸಿನಲ್ಲಿ ಎಷ್ಟು ಪಿಸ್ಟನ್ನಿಗೆ, ಎಷ್ಟು ಗಾಳಿಗೆ ಎಂದು ಹಂಚುವುದು ಅದು. ಮುಚ್ಚಿದಷ್ಟೂ ಪಿಸ್ಟನ್ನಿಗೆ ಹೆಚ್ಚು. ಖೋಕಾಗಳು ತಪ್ಪದೆ ಹಾರುವ ಕನಿಷ್ಠ ಗ್ಯಾಸನ್ನು ಹುಡುಕಿ, ಅದಕ್ಕಿಂತ ತುಸು ಮಾತ್ರ ಹೆಚ್ಚು ಇಡಬೇಕು. ಆದರೆ ಒಂದು ಸಲ ರೈಫಲ್ ನಿಂತರೆ ಜವಾನ ಮಾಡುವುದೇನು? ರೆಗ್ಯುಲೇಟರ್ ಪೂರ್ತಿ ಮುಚ್ಚಿಬಿಡುತ್ತಾನೆ. ರೈಫಲ್ ಓಡುತ್ತದೆ, ಅವನಿಗೆ ಸಂತೋಷ. ಅಂದಿನಿಂದ ಪ್ರತಿ ಗುಂಡಿಗೂ ಕ್ಯಾರಿಯರ್ ಬೇಕಾದ್ದಕ್ಕಿಂತ ಜೋರಾಗಿ ಹಿಂದೆ ಹೋಗಿ ಬಡಿಯುತ್ತದೆ. ಖೋಕಾ ಗೋಡೆ ಬಿಡುವ ಮುಂಚೆಯೇ ಕೊಕ್ಕೆ ಅದನ್ನು ಕೀಳಲು ಹೊರಡುತ್ತದೆ. ಈ ಸ್ಥಿತಿಯಲ್ಲಿ ನೀನು ಹೊಸ ಎಕ್ಸ್‌ಟ್ರ್ಯಾಕ್ಟರ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಆಗ ಎಲ್ಲರೂ ‘ಈಗಿನ ಸ್ಪೇರ್ ಪಾರ್ಟ್ಸೇ ಸರಿಯಿಲ್ಲ’ ಅನ್ನುತ್ತಾರೆ. ಈ ಮಾತನ್ನು ನಾನು ಕಾರ್ಯಾಗಾರಗಳಲ್ಲಿ ಕೇಳಿ ಕೇಳಿ ದಣಿದಿದ್ದೇನೆ. ಅಪರೂಪಕ್ಕೆ ನಿಜವಿರುತ್ತದೆ, ಇಲ್ಲವೆನ್ನುವುದಿಲ್ಲ.

ಕೊಕ್ಕೆ ಬದಲಿಸುವಾಗ ಅದರ ಸ್ಪ್ರಿಂಗನ್ನೂ ಬದಲಿಸು. ಸೋತ ಸ್ಪ್ರಿಂಗಿನ ಮೇಲೆ ಕೂತ ಹೊಸ ಕೊಕ್ಕೆ ಜಾರುತ್ತದೆ. ಸ್ಪ್ರಿಂಗ್ ಚಿಕ್ಕದು, ಬಿಗಿ ಬಲು ಜೋರು. ಕೈ ತಪ್ಪಿದರೆ ಎದುರಿಗಿರುವುದು ನಿನ್ನ ಕಣ್ಣು. ಕನ್ನಡಕ ಹಾಕಿಕೋ. ಅದಕ್ಕೆಂದೇ ಮಾಡಿದ ಟೂಲ್ ಇರುತ್ತದೆ, ಸ್ಕ್ರೂಡ್ರೈವರಿನಿಂದ ಮೀಟಬೇಡ.

ಬ್ರೀಚ್ ಬ್ಲಾಕ್ ವಿಷಯ ಮಾತ್ರ ಬೇರೆ. ಎಸ್‌ಎಲ್‌ಆರ್‌ನ ಬಾಡಿ, ಕ್ಯಾರಿಯರ್, ಬ್ಲಾಕ್ ಮೂರರ ಮೇಲೂ ಒಂದೇ ನಂಬರ್ ಹೊಡೆದಿರುತ್ತಾರೆ, ಕಳೆದುಹೋಗದಿರಲಿ ಎಂದಲ್ಲ. ಬ್ಲಾಕ್ ಲಾಕಿಂಗ್ ಶೋಲ್ಡರಿಗೆ ಒರಗಿ ನಿಂತಾಗ ಅದರ ಮುಖಕ್ಕೂ ಚೇಂಬರಿನಲ್ಲಿ ಕೂತ ರೌಂಡಿಗೂ ನಡುವೆ ಎಷ್ಟು ಜಾಗ ಉಳಿಯಬೇಕು ಎನ್ನುವುದು ಆ ರೈಫಲಿಗೇ ಅಳೆದು ಹೊಂದಿಸಿದ್ದು. ಹೆಡ್‌ಸ್ಪೇಸ್ ಎನ್ನುವುದು ಇದನ್ನೇ. ಲಾಕಿಂಗ್ ಶೋಲ್ಡರ್ ಕೂದಲೆಳೆಯಷ್ಟು ವ್ಯತ್ಯಾಸದ ಹಲವು ದಪ್ಪಗಳಲ್ಲಿ ಬರುತ್ತದೆ. ಗೇಜ್ ಇಟ್ಟು ಸರಿಯಾದದ್ದನ್ನು ಆರಿಸಿ ಕೂರಿಸುತ್ತಾರೆ. ಜಾಗ ಕಡಿಮೆಯಾದರೆ ಬ್ಲಾಕ್ ಪೂರ್ತಿ ಲಾಕ್ ಆಗುವುದಿಲ್ಲ. ಹೆಚ್ಚಾದರೆ ಗುಂಡು ಸಿಡಿದಾಗ ಖೋಕಾ ಹಿಂದಕ್ಕೆ ಹಿಗ್ಗುತ್ತದೆ, ಬುಡದ ಹತ್ತಿರ ಬಿರಿಯುತ್ತದೆ, ಕೆಲವೊಮ್ಮೆ ಎರಡು ತುಂಡಾಗುತ್ತದೆ. ಆಗ ಮುಂದೆ ಹೋಗಬೇಕಾದ ಒತ್ತಡ ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೆ ಬರುತ್ತದೆ.

ಈ ನಂಬರುಗಳು ಬೆರೆತುಹೋಗುವುದು ಯುದ್ಧದಲ್ಲಲ್ಲ, ಶನಿವಾರದ ಸಫಾಯಿಯಲ್ಲಿ. ಒಂದು ಟಾರ್ಪಾಲಿನ ಮೇಲೆ ಹತ್ತು ಜನ ರೈಫಲ್ ಬಿಚ್ಚಿ ಕೂರುತ್ತಾರೆ, ಹರಟೆ ನಡೆಯುತ್ತದೆ, ಪಕ್ಕದವನ ಬ್ಲಾಕ್ ಇವನ ಕೈಗೆ ಬರುತ್ತದೆ. ಜೋಡಿಸಿದರೆ ಕೂರುತ್ತದೆ, ಕಾಕ್ ಮಾಡಿದರೆ ಟಕ್ ಅನ್ನುತ್ತದೆ. ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ರೈಫಲ್ ವಾಪಸ್ ಪಡೆಯುವಾಗ ಹೊರಗಿನ ನಂಬರ್ ನೋಡಿ ಟಿಕ್ ಹಾಕಬೇಡ, ಮೂರನ್ನೂ ಓದು. ಬ್ಲಾಕನ್ನೇ ಬದಲಿಸುವ ಸಂದರ್ಭ ಬಂದರೆ ಗೇಜ್ ಇಲ್ಲದೆ ಮುಟ್ಟಬೇಡ. ಲಾಕಿಂಗ್ ಶೋಲ್ಡರ್, ನಳಿಗೆ ಇವು ನಿನ್ನ ಬೆಂಚಿನ ಕೆಲಸವೇ ಅಲ್ಲ, ಮೇಲಿನ ಕಾರ್ಯಾಗಾರಕ್ಕೆ ಕಳಿಸು. ಫೈರಿಂಗ್ ಪಿನ್ ನೀನು ಹಾಕಬಹುದು, ಆದರೆ ಅದರ ತುದಿ ಎಷ್ಟು ಹೊರಚಾಚಿದೆ ಎಂದು ಅಳೆಯದೆ ಬಿಡಬೇಡ: ಗಿಡ್ಡವಾದರೆ ರೌಂಡ್ ಸಿಡಿಯುವುದಿಲ್ಲ, ಉದ್ದವಾದರೆ ಪ್ರೈಮರ್ ತೂತಾಗುತ್ತದೆ.

‘ಎಲ್ಲ ಒಂದೇ ಕಾರ್ಖಾನೆಯದಲ್ಲವಾ ಮಾವ, ಯಾವುದಕ್ಕೆ ಯಾವುದನ್ನು ಹಾಕಿದರೇನು?’ ಅಂತ ನೀನು ಕೇಳುತ್ತೀಯ. ಆ ಕನಸು ಹಳೆಯದು. 1785ರಲ್ಲಿ ಫ್ರಾನ್ಸಿನಲ್ಲಿ ಒನೊರೆ ಬ್ಲಾಂಕ್ ಎಂಬ ಬಂದೂಕು ತಯಾರಕ ಹಲವು ಮಸ್ಕೆಟ್ ಲಾಕುಗಳನ್ನು ಬಿಚ್ಚಿ ಭಾಗಗಳನ್ನು ವಿಂಗಡಿಸಿ ಇಟ್ಟಿದ್ದ. ಆಗ ಅಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಥಾಮಸ್ ಜೆಫರ್‌ಸನ್ ಕೈಗೆ ಸಿಕ್ಕ ತುಂಡುಗಳನ್ನು ಆರಿಸಿ ತಾನೇ ಜೋಡಿಸಿ ನೋಡಿದ. ಕೂತವು. ಬೆರಗಾಗಿ ಊರಿಗೆ ಪತ್ರ ಬರೆದ. ಇವತ್ತು ನೀನು ಸ್ಟೋರಿನಿಂದ ಪೊಟ್ಟಣ ಒಡೆದು ಸ್ಪ್ರಿಂಗ್ ತೆಗೆಯುವುದು ಆ ಬೆರಗಿನ ಫಲವೇ. ಆದರೂ ಒತ್ತಡ ಹೊರುವ ಭಾಗಗಳನ್ನು ಅಳೆಯದೆ ಯಾರೂ ಬಿಡಲಿಲ್ಲ. ಎಫ್‌ಎಎಲ್ ವಂಶದಲ್ಲೇ ನೋಡು: ಬೆಲ್ಜಿಯಂನ ಮೆಟ್ರಿಕ್ ರೈಫಲೂ ಬ್ರಿಟಿಷರ ಅಂಗುಲದ ರೈಫಲೂ ದೂರದಿಂದ ಅವಳಿಜವಳಿ, ಆದರೆ ಒಂದರ ಎಷ್ಟೋ ಭಾಗಗಳು ಇನ್ನೊಂದಕ್ಕೆ ಹೊಂದುವುದಿಲ್ಲ.

ಬದಲಿಸಿ ಮುಗಿಸಿದ ಮೇಲೆ ಡಮ್ಮಿ ರೌಂಡುಗಳನ್ನು ಹಾಕಿ ಕೈಯಿಂದ ನಡೆಸಿ ನೋಡು, ಪ್ರತಿಯೊಂದೂ ಏರಿ, ಹೊರಗೆ ಹಾರಬೇಕು. ನಿಜವಾದ ಗುಂಡಿನ ಪರೀಕ್ಷೆ ರೇಂಜಿನಲ್ಲಿ. ಎಕ್ಸ್‌ಟ್ರ್ಯಾಕ್ಟರಿನಿಂದ ಗುರಿ ಕದಲುವುದಿಲ್ಲ. ಫೋರ್‌ಸೈಟ್ ಮುಟ್ಟಿದ್ದರೆ ಮಾತ್ರ ಮತ್ತೆ ಜೀರೋ ಮಾಡಲೇಬೇಕು.

ಈಗ ಪುಸ್ತಕದಲ್ಲಿಲ್ಲದ ಮಾತು. ಸ್ಪೇರ್ ಇರುವುದಿಲ್ಲ. ಇಂಡೆಂಟ್ ಹಾಕಿ ತಿಂಗಳುಗಟ್ಟಲೆ ಕಾಯುತ್ತೀಯ. ಅಷ್ಟರಲ್ಲಿ ಇನ್‌ಸ್ಪೆಕ್ಷನ್ ಬರುತ್ತದೆ, ಅಥವಾ ದೊಡ್ಡವರ ಬಂದೋಬಸ್ತ್ ಬರುತ್ತದೆ. ‘ಆ ಕೆಟ್ಟ ರೈಫಲಿಂದ ತೆಗೆದು ಇದಕ್ಕೆ ಹಾಕಪ್ಪಾ, ಲೆಕ್ಕಕ್ಕೆ ಸಿಗಲಿ’ ಅಂತ ಹೇಳುವವರು ಕೆಟ್ಟವರೇನಲ್ಲ, ಅವರ ಮೇಲೂ ಒತ್ತಡ ಇರುತ್ತದೆ. ಸ್ಪ್ರಿಂಗಿನಂಥದ್ದಾದರೆ, ಲಿಖಿತ ಅನುಮತಿ ಪಡೆದು ಎರಡೂ ರೈಫಲಿನ ಹಾಳೆಯಲ್ಲಿ ಬರೆದು ಹಾಕಬಹುದು. ಬ್ಲಾಕ್, ಕ್ಯಾರಿಯರ್ ಆದರೆ ಬೇಡ ಅನ್ನು. ವಾದ ಮಾಡಬೇಡ, ಗೇಜ್ ತೋರಿಸು; ‘ಸರ್, ಇದಕ್ಕೆ ನಾನು ಸಹಿ ಹಾಕಲಾರೆ, ಅನ್‌ಸರ್ವಿಸಬಲ್ ಚೀಟಿ ಕಟ್ಟಿ ಪಕ್ಕಕ್ಕೆ ಇಡುತ್ತೇನೆ’ ಎಂದಷ್ಟೇ ಹೇಳು. ಬೈಗುಳ ಬಂದರೂ ಬಂದೀತು. ಕೆಟ್ಟ ರೈಫಲ್ ಹೊತ್ತು ನಿಲ್ಲುವ ಹುಡುಗ ಆ ಕೋಣೆಯಲ್ಲಿ ಇರುವುದಿಲ್ಲ, ಅವನ ಪರವಾಗಿ ಮಾತಾಡಲು ನೀನೊಬ್ಬನೇ.

ಊರಿಗೆ ಬಂದಾಗಲೂ ಜಾಗ್ರತೆ. ಆರ್ಮರಿಯಲ್ಲಿದ್ದೀಯ ಅನ್ನುವುದು ಗೊತ್ತಾದರೆ ಸಾಕು, ಹಂದಿ ಕಾಟಕ್ಕೆ ಇಟ್ಟುಕೊಂಡ ಹಳೇ ಕೋವಿ ಹಿಡಿದು ದೊಡ್ಡಪ್ಪನ ಕಡೆಯವರೇ ಜಗಲಿಗೆ ಬರುತ್ತಾರೆ. ‘ಕುದುರೆ ನಿಲ್ತಿಲ್ಲ, ಒಂದು ಸ್ವಲ್ಪ ನೋಡು ಮಗಾ’ ಅನ್ನುತ್ತಾರೆ. ಕಾಫಿ ಕೊಟ್ಟು ಕಳಿಸು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಅದು ನಿನ್ನ ಇಲಾಖೆಯ ಬೆಂಚಿಗೆ ಅನ್ವಯಿಸದಿರಬಹುದು, ನಮ್ಮ ಜಗಲಿಗೆ ಅನ್ವಯಿಸುತ್ತದೆ. ಲೈಸೆನ್ಸ್ ಇರುವ ಕೋವಿಯಾದರೂ ಲೈಸೆನ್ಸ್ ಇರುವ ಅಂಗಡಿಗೇ ಹೋಗಲಿ. ಬೇಸರ ಮಾಡಿಕೊಂಡರೆ ನನ್ನ ಹತ್ತಿರ ಕಳಿಸು, ನಾನು ಮಾತಾಡುತ್ತೇನೆ.

ಕಡೆಯದಾಗಿ ಒಂದು ಕೆಲಸ. ಇಲಾಖೆಯ ರಿಜಿಸ್ಟರ್ ಹೇಗೂ ಇದೆ. ಅದರಲ್ಲಿ ಏನು ಬದಲಾಯಿತು ಎಂಬುದಕ್ಕೆ ಮಾತ್ರ ಕಾಲಂ ಇರುತ್ತದೆ, ಯಾಕೆ ಎಂಬುದಕ್ಕೆ ಇರುವುದಿಲ್ಲ. ಅಧಿಕಾರಿಯ ಒಪ್ಪಿಗೆ ಪಡೆದು ಅಲ್ಲೇ ಬೆಂಚಿನ ಮೇಲೆ ಒಂದು ಪುಸ್ತಕ ಇಡು: ರೈಫಲ್ ನಂಬರ್, ಏನು ಮುರಿಯಿತು, ಚೂರು ಸಿಕ್ಕಿತೋ ಇಲ್ಲವೋ, ರೆಗ್ಯುಲೇಟರ್ ಎಲ್ಲಿತ್ತು, ಚೇಂಬರ್ ಹೇಗಿತ್ತು. ವರ್ಷ ತುಂಬುವುದರೊಳಗೆ ಒಂದೇ ರೈಫಲ್ ಎರಡು ಮೂರು ಕಡೆ ಕಾಣಿಸಿಕೊಳ್ಳುತ್ತದೆ. ಮುಂದಿನ ಇಂಡೆಂಟ್ ಬರೆಯುವಾಗ ಎಕ್ಸ್‌ಟ್ರ್ಯಾಕ್ಟರ್ ಕೇಳಬೇಕೋ, ಚೇಂಬರ್ ಬ್ರಷ್ ಕೇಳಬೇಕೋ ಅದನ್ನು ನೋಡಿ ತೀರ್ಮಾನ ಮಾಡು.