ಅಕ್ಕಡಿ ಸಾಲನ್ನೂ ತೂಗಿ ನೋಡಿ

ಕಳೆದ ತಿಂಗಳು ಒಂದು ಸಂಜೆ ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಒಮ್ಮೆ ಗೇಟು ಬಿದ್ದರೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡಿದ್ದ. ಬಾಗ್ಮನೆ ಟೆಕ್ ಪಾರ್ಕಿನಲ್ಲಿ ಅವನ ಕೆಲಸ. ಗಾಡಿ ಆಫ್ ಮಾಡಿ, ಫೋನ್ ತೆಗೆದು, ಹಿಂದಕ್ಕೆ ಚಾಚಿದ. "ಅಂಕಲ್, ಮಾಲೂರು ಹತ್ರ ಕಾಲೆಕರೆ. ಮಾರೋ ಕಂಪನಿಯವರೇ ಗಿಡ ಹಾಕಿ ಅವರೇ ನೋಡ್ಕೋತಾರಂತೆ. ನಾವು ವೀಕೆಂಡ್ ಹೋಗಿ ಬಂದ್ರೆ ಸಾಕು. ಜೊತೆಗೆ ರೈತರಿಗೆ ಅಂತ ಕೋಲಾರ ಮಾರ್ಕೆಟ್ ಬೆಲೆ ಹೇಳೋ ಒಂದು ಆ್ಯಪ್ ಮಾಡೋ ಯೋಚನೇನೂ ಇದೆ. ನೀವು ಅಗ್ರಿಕಲ್ಚರ್‌ನಲ್ಲಿ ಇದ್ದವರಲ್ವ, ಏನಂತೀರ?"

ರೈಲು ಬಂತು, ಹೋಯಿತು. ಎರಡೂ ಕಡೆಯ ಹಾರ್ನುಗಳ ನಡುವೆ ನನ್ನ ಉತ್ತರ ಅವನಿಗೆ ಕೇಳಿಸುವಂತಿರಲಿಲ್ಲ. ಅವನಿಗೆ ಹೇಳಬೇಕೆಂದದ್ದನ್ನು ಕೃಷಿ ಕಾಲೇಜಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳಿಗೂ ಹೇಳಬೇಕಾಗಿದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮಪ್ಪನ ಹೊಲ ಇದ್ದದ್ದು ಈ ಗೇಟಿನಿಂದ ಕೂಗಳತೆಯಲ್ಲಿ. ಕೆರೆಯ ಕೆಳಗೆ ಒಂದಿಷ್ಟು ತರಕಾರಿ, ಮೇಲೆ ಖುಷ್ಕಿಯಲ್ಲಿ ರಾಗಿ. ರಾಗಿ ಎಂದರೆ ಬರೀ ರಾಗಿಯಲ್ಲ. ಎಂಟು ಸಾಲು ರಾಗಿ ಬಿತ್ತಿ ಒಂದು ಸಾಲು ಅಕ್ಕಡಿ ಬಿಡುತ್ತಿದ್ದರು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು. ಬದುವಿನಲ್ಲಿ ನಾಲ್ಕು ಹರಳು ಗಿಡ. ಮೊದಲು ಅಲಸಂದೆ ಕಾಯಿ ಮನೆಗೆ ಬರೋದು. ಹುಚ್ಚೆಳ್ಳು ಹೂ ಬಿಟ್ಟಾಗ ಹೊಲವೆಲ್ಲ ಹಳದಿ, ಜೇನು ಮುತ್ತುತ್ತಿತ್ತು. ರಾಗಿ ಕೊಯ್ದ ಮೇಲೂ ಅವರೆ ನಿಂತೇ ಇರೋದು. ಧನುರ್ಮಾಸದ ಇಬ್ಬನಿಗೆ ಅದಕ್ಕೆ ಸೊಗಡು ಹತ್ತುತ್ತಿತ್ತು. ಕಡೆಗೆ ತೊಗರಿ. ಮಳೆ ಕೈಕೊಟ್ಟು ರಾಗಿ ಬಾಡಿದ ವರ್ಷವೂ ಇವುಗಳಲ್ಲಿ ಒಂದೆರಡಾದರೂ ಕೈಗೆ ಹತ್ತುತ್ತಿದ್ದವು.

ಉಳಿದ ರಾಗಿ ಹಗೇವಿಗೆ. ಹಗೇವು ನೋಡಿದವರು ನಿಮ್ಮಲ್ಲಿ ಯಾರೂ ಇರಲಾರರು. ನೆಲದೊಳಗೆ ತೋಡಿದ ಕಣಜ ಅದು; ಬಾಯಿ ಕಿರಿದು, ಹೊಟ್ಟೆ ಅಗಲ. ಬಾಯಿ ತೆಗೆದ ಕೂಡಲೇ ಒಳಗಿಳಿಯುವಂತಿರಲಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸೋರು. ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ವರ್ಷಗಟ್ಟಲೆ ಇಟ್ಟರೂ ರಾಗಿ ಹುಳ ಹಿಡಿಯುತ್ತಿರಲಿಲ್ಲ. ಬೆಲೆ ಬಿದ್ದಾಗ ಮಾರದೆ ಕೂರುವ ಧೈರ್ಯ ನಮ್ಮಪ್ಪನಿಗೆ ಬಂದದ್ದು ಆ ಗುಂಡಿಯಿಂದ.

ಹಳೆಯದೆಲ್ಲ ಚಿನ್ನ ಎನ್ನುತ್ತಿಲ್ಲ. ಬರ ಬಂದು ಅಂಬಲಿಗೂ ತತ್ವಾರವಾದ ವರ್ಷಗಳನ್ನು ನಮ್ಮವ್ವ ಹೇಳಿ ಹೇಳಿ ಅಳುತ್ತಿದ್ದಳು. ಇಳುವರಿ ಕಡಿಮೆ, ರೋಗ ಬಂದರೆ ಮದ್ದಿಲ್ಲ. ಈ ಕಷ್ಟಕ್ಕೆ ವಿಜ್ಞಾನ ಹೆಗಲು ಕೊಟ್ಟದ್ದು ಸುಳ್ಳಲ್ಲ. ಹೆಬ್ಬಾಳದಲ್ಲಿ ಪ್ರಯೋಗದ ಹೊಲ ಶುರುವಾದದ್ದು 1899ರಲ್ಲಿ. 30 ಎಕರೆ ಜಮೀನು ಕೊಟ್ಟವರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗದ ಬೆನ್ನು ಹತ್ತಿದರು. ಇವತ್ತಿಗೂ ಮಳೆಗಾಲದಲ್ಲಿ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುವುದರ ಹಿಂದೆ ಅವರ ಕೆಲಸವಿದೆ. ಆಮೇಲೆ ನಮ್ಮವರೇ ಆದ ರಾಗಿ ಲಕ್ಷ್ಮಣಯ್ಯ. ರಾಗಿಯ ಹೂವನ್ನು ಬರಿಗಣ್ಣಿಗೆ ಹುಡುಕುವುದೇ ಕಷ್ಟ. ಪಕ್ಕದ ಗಿಡದ ಪರಾಗ ಅದಕ್ಕೆ ಬೇಕೇ ಇಲ್ಲ, ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಅಂಥದ್ದರಲ್ಲಿ ಇಲ್ಲಿಯ ತಳಿಗೆ ಆಫ್ರಿಕಾದ ತಳಿಯನ್ನು ಕೂಡಿಸಿ ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತೆಗೆದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆ ಹೆಸರು. ಅದು ಬಂದ ಮೇಲೆ ಹಳೆ ಮೈಸೂರು ಸೀಮೆಯಲ್ಲಿ ಎಷ್ಟು ಮನೆಗಳ ಮುದ್ದೆ ದಪ್ಪಗಾಯಿತು ಎಂಬುದು ನನ್ನ ವಯಸ್ಸಿನವರಿಗೆ ಗೊತ್ತು. ಇಂಡಾಫ್‌ಗೆ ಬೆಂಕಿರೋಗ ಕಾಟ ಕೊಟ್ಟಾಗ ಅದನ್ನು ತಡೆಯುವ ಜಿಪಿಯು-28 ಬಂತು. ಸಂಶೋಧನೆಯಿಂದ ಏನಾಯಿತು ಎಂದು ಸಲೀಸಾಗಿ ಕೇಳುವವರ ಜೊತೆ ನಾನು ಸೇರುವುದಿಲ್ಲ.

ಆದರೆ ತಪ್ಪು ಎಲ್ಲಾಯಿತು ಎಂದು ಹೇಳುವ ಹಕ್ಕು ನನಗೆ ಸ್ವಲ್ಪ ಇದೆ. ಆ ತಪ್ಪಿನಲ್ಲಿ ನನ್ನ ಕೈಯೂ ಇತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಒಂದು ಸಂಶೋಧನಾ ಕೇಂದ್ರದಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿದೆ. ಗೂಟ ಹೊಡೆಯೋದು, ದಾರ ಹಿಡಿಯೋದು, ಲೇಬಲ್ ಕಟ್ಟೋದು, ಕೊಯ್ದ ತೆನೆ ಬಡಿದು ಕಾಳು ತೂಗಿ ರಿಜಿಸ್ಟರಿಗೆ ಹತ್ತಿಸೋದು ನನ್ನ ಕೆಲಸ. ಒಂದು ಸಲ ಅಪ್ಪ ನೋಡಲು ಬಂದ. ಹೊಸ ತಳಿಯ ತೂಕ ಕೇಳಿ ಹುಬ್ಬೇರಿಸಿದ. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಹುಲ್ಲಿನ ಒಂದು ಎಳೆ ತೆಗೆದು ತನ್ನ ಮಂಡಿಗೆ ಹಿಡಿದು ಅಳೆದ. "ಇದನ್ನ ಎತ್ತಿಗೆ ಹಾಕಿದ್ರೆ ಶಿವರಾತ್ರಿಗೇ ಮುಗೀತದಲ್ಲೋ" ಎಂದ. ನಮ್ಮ ರಿಜಿಸ್ಟರಿನಲ್ಲಿ ಹುಲ್ಲಿಗೆ ಜಾಗವಿರಲಿಲ್ಲ. ಅಕ್ಕಡಿ ಬಿತ್ತಿಯೇ ಇರಲಿಲ್ಲ, ಇನ್ನು ತೂಗುವುದೆಲ್ಲಿ?

ಇನ್ನೊಂದು ಇದಕ್ಕಿಂತ ದೊಡ್ಡದು. ಮಳೆ ಹೋಗಿ ಪ್ಲಾಟು ಒಣಗಿದ ವರ್ಷ 'ಪ್ರಯೋಗ ವಿಫಲ' ಎಂದು ಬರೆದು ಆ ವರ್ಷದ ಅಂಕಿಗಳನ್ನು ಲೆಕ್ಕದಿಂದ ತೆಗೆದುಬಿಡುತ್ತಿದ್ದೆವು. ಹಾಗೆ ಎರಡು ಸಲ ಬರೆದದ್ದು ನನ್ನದೇ ಕೈ. ನಾವು ತೆಗೆದುಹಾಕಿದ ಆ ವರ್ಷವನ್ನೇ ರೈತ ಹೆಂಡತಿ ಮಕ್ಕಳ ಜೊತೆ ಕಳೆಯಬೇಕಾಗಿತ್ತು. ಅವನು ಸಾಲಕ್ಕೆ ಬೀಳುತ್ತಿದ್ದದ್ದೂ ಆ ವರ್ಷವೇ.

ಕೃಷಿ ಓದುತ್ತಿರುವ ಮಕ್ಕಳಿಗೆ ಅದಕ್ಕೇ ಹೇಳುತ್ತೇನೆ. ನಾಳೆ ನೀವು ಪ್ಲಾಟು ಹಾಕುತ್ತೀರಿ. ಎಕರೆಗೆ ಎಷ್ಟು ಕ್ವಿಂಟಲ್ ಎಂದಷ್ಟೇ ಬರೆದು ಏಳಬೇಡಿ. ಹುಲ್ಲು ತೂಗಿ, ಅಕ್ಕಡಿ ತೂಗಿ, ಬೀಜ ಗೊಬ್ಬರ ಔಷಧಿಗೆ ಎಷ್ಟು ಹೋಯಿತು ಬರೆಯಿರಿ. ಕೆಟ್ಟ ವರ್ಷದ ಲೆಕ್ಕವನ್ನು ಮೊದಲ ಪುಟದಲ್ಲೇ ಇಡಿ. ಪೇಪರು ಪ್ರಕಟವಾಗಲು ಅದು ತೊಡಕಾಗಬಹುದು. ಆಗಲಿ.

ಲೆಕ್ಕ ತಪ್ಪಾದರೆ ನೀತಿಯೂ ಅಡ್ಡದಾರಿ ಹಿಡಿಯುತ್ತದೆ. ಕೋಲಾರ, ಹೊಸಕೋಟೆ ಕಡೆಯ ನೀಲಗಿರಿ ಕಥೆ ನೋಡಿ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂಬ ಹೆಸರಲ್ಲಿ ಸಸಿ ಹಂಚಿದರು. ಕೂಲಿಯ ರಗಳೆ ಇಲ್ಲ, ದನ ಮೇಯುವುದಿಲ್ಲ, ಐದಾರು ವರ್ಷಕ್ಕೆ ಇಡಿಗಂಟು. ರಾಗಿ ಹೊಲಗಳು ತೋಪಾದವು. ರಾಗಿಯ ಜೊತೆ ಹುಲ್ಲು ಹೋಯಿತು, ಹುಲ್ಲಿನ ಜೊತೆ ದನ, ದನದ ಜೊತೆ ಗೊಬ್ಬರ. ಅಂತರ್ಜಲ ಪಾತಾಳ ಸೇರಿದ ಮೇಲೆ, 2017ರಲ್ಲಿ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕೊಟ್ಟವರೂ ಅವರೇ, ಕಿತ್ತುಹಾಕಿ ಎಂದವರೂ ಅವರೇ. ನಡುವಿನ ಆ ವರ್ಷಗಳ ಲೆಕ್ಕ ಯಾರೂ ಕೊಡಲಿಲ್ಲ.

ರೈತರ ಆತ್ಮಹತ್ಯೆಗಳ ವಿಷಯದಲ್ಲೂ ಇದೇ ಎಡವಟ್ಟು. ಹಿಂದೆ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕುಡಿತ, ಮನೆಯ ಜಗಳ ಇಂಥವಕ್ಕೆ ವರದಿ ಹೆಚ್ಚು ಒತ್ತು ಕೊಟ್ಟು ಸಾಲದ ಪಾಲನ್ನು ತಗ್ಗಿಸಿತು ಎಂಬ ಆಕ್ಷೇಪ ಬಂತು. ಆಕ್ಷೇಪ ಸರಿ ಎಂದೇ ನನಗನ್ನಿಸುತ್ತದೆ; ಮನುಷ್ಯ ಯಾಕೆ ಕುಡಿದ ಎಂದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಕೇಳಬೇಕಿತ್ತು. 2015ರಲ್ಲಿ ಮಂಡ್ಯದ ಕಬ್ಬಿನ ಗದ್ದೆಗಳಿಂದ ದಿನಾ ಸಾವಿನ ಸುದ್ದಿ ಬರುತ್ತಿತ್ತು. ಆ ಒಂದು ವರ್ಷ ಬೇಸಾಯದಲ್ಲಿದ್ದ 1,569 ಮಂದಿ ರಾಜ್ಯದಲ್ಲಿ ಜೀವ ಕಳೆದುಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳಿತು. ಮಂಡ್ಯದ್ದು ನಾಲೆಯ ನೀರಿದ್ದ ಸೀಮೆ, ಇಳುವರಿಗೆ ಹೆಸರಾದ ಸೀಮೆ. ಅದನ್ನು ಮರೆಯಬೇಡಿ.

ಈಗ ನಮ್ಮ ಮಹಡಿಯ ಹುಡುಗನಿಗೆ ಬರುತ್ತೇನೆ. ಕಾಲೆಕರೆ ತಗೊಳ್ಳಬೇಡ ಎಂದು ಹೇಳುವ ಬಾಯಿ ನನಗಿಲ್ಲ ಕಣಪ್ಪ. ಅಪ್ಪ ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಸೈಟು ಮಾಡಿ ಮಾರಿದವರೇ. ನೀನು ಬಾಡಿಗೆಗಿರುವ ಮನೆ ಎದ್ದದ್ದೂ ಆ ದುಡ್ಡಲ್ಲೇ. ಆದರೆ ಒಂದು ವಿಷಯ ತಿಳಿದುಕೊಂಡು ತಗೋ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ, ರೈತನಲ್ಲದ ನೀನೂ ಕೃಷಿ ಜಮೀನು ಕೊಳ್ಳಬಹುದು. ಉಳುವವನು ಬೇರೆಯವನೇ ಆಗಿರುತ್ತಾನೆ. ದೇವರಾಜ ಅರಸರ ಕಾಲದ, 1974ರ ತಿದ್ದುಪಡಿಯಿಂದ ಗೇಣಿ ಕೊಡುವುದು ನಿಷೇಧ; ಹಾಗಾಗಿ ವಾರಕ್ಕೆ, ಗುತ್ತಿಗೆಗೆ ಮಾಡುವವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ, ಎಲ್ಲ ಬಾಯಿಮಾತು. ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವನಿಗೆ. ರಾಗಿಗೆ 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರು. ಖರೀದಿ ಕೇಂದ್ರದಲ್ಲಿ ಬೆಂಬಲ ಬೆಲೆ ಸಿಗಬೇಕಾದರೆ ರೈತರ ನೋಂದಣಿಯ ಫ್ರೂಟ್ಸ್ ಐಡಿ ಕೇಳುತ್ತಾರೆ, ಅದೂ ಪಹಣಿಗೆ ಅಂಟಿಕೊಂಡದ್ದು. ನೀನು ಶನಿವಾರ ಹೋಗಿ ಸೆಲ್ಫಿ ತೆಗೆದುಕೊಳ್ಳುವ ಹೊಲದಲ್ಲಿ ಬಿಸಿಲಿಗೆ ನಿಲ್ಲುವವನು ಸರ್ಕಾರದ ಕಣ್ಣಿಗೆ ರೈತನೇ ಅಲ್ಲ. ಅವನ ಪರಿಹಾರದ ದುಡ್ಡು ನಿನ್ನ ಖಾತೆಗೆ ಬಂದ ದಿನ ಏನು ಮಾಡುತ್ತೀ? ಇದನ್ನು ಜಮೀನು ನೋಂದಣಿಯಾಗುವ ಮೊದಲೇ ಯೋಚಿಸಿಡು.

ಆ್ಯಪ್ ವಿಷಯ. ಕೋಲಾರ ಮಾರ್ಕೆಟ್ಟಿನ ಬೆಲೆ ಹೇಳುವ ಆ್ಯಪ್ ಮಾಡುತ್ತೇನೆ ಎಂದೆಯಲ್ಲ. ಟೊಮೆಟೊ ಬೆಳೆಯುವವನಿಗೆ ಬೆಲೆ ಬೆಳಗಾಗುವ ಮುಂಚೆಯೇ ಫೋನಿನಲ್ಲಿ ಗೊತ್ತಿರುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದ್ದೂ ಗೊತ್ತು, ಬೇರೆ ವರ್ಷ ರಸ್ತೆ ಬದಿಗೆ ಸುರಿದದ್ದೂ ಗೊತ್ತು. ಗೊತ್ತಿದ್ದೂ ಅವನು ಇವತ್ತೇ ಮಾರಬೇಕು. ಹಣ್ಣು ಕಾಯುವುದಿಲ್ಲ. ಸಾಲ ಕೊಟ್ಟವನೂ ಮಂಡಿಯವನೇ, ಹರಾಜು ಕೂಗುವವನೂ ಮಂಡಿಯವನೇ. ಯಾವ ಔಷಧಿ ಹೊಡೆಯಬೇಕು ಎಂದು ಹೇಳುವವನು ಗೊಬ್ಬರದಂಗಡಿಯವನು, ಅಲ್ಲೂ ಉದ್ರಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಿಂತ ಆ ಅಂಗಡಿ ಹತ್ತಿರ, ಬೇಗ ಬಾಗಿಲು ತೆಗೆಯುತ್ತದೆ. ನಿನ್ನ ಫೋನು ಈ ಗಂಟನ್ನು ಎಲ್ಲಿ ಬಿಚ್ಚುತ್ತದೆ ಹೇಳು, ಆಮೇಲೆ ಕೋಡ್ ಬರಿ.

ಅಂದ ಹಾಗೆ, ನೀವು ನಾವು ತಟ್ಟೆ ತೊಳೆದ ನೀರು ರೈತನಿಂದ ದೂರವಿಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಬೋರುಗಳಲ್ಲಿ ನೀರು ಬಂದದ್ದಕ್ಕೆ ಖುಷಿಪಟ್ಟವರಿದ್ದಾರೆ, ಮೂರನೇ ಹಂತದ ಶುದ್ಧಿ ಬೇಕೇ ಬೇಕೆಂದು ಹೋರಾಡಿದವರೂ ಇದ್ದಾರೆ. ಸಿಂಕಿಗೆ ಏನು ಸುರಿಯುತ್ತೀರಿ ಎಂಬುದೂ ಕೃಷಿ ನೀತಿಯೇ.

ಬದಲಾಗಲು ಆಗುತ್ತದೆಯೇ ಎಂದು ಕೇಳಿದರೆ ನಾನು ಎಲ್.ನಾರಾಯಣ ರೆಡ್ಡಿಯವರ ಹೆಸರು ಹೇಳುತ್ತೇನೆ. ನಮ್ಮ ಪೂರ್ವ ದಿಕ್ಕಿನವರೇ, ವರ್ತೂರಿನಾಚೆಯ ಸೊರಹುಣಸೆಯವರು. ರಾಸಾಯನಿಕ ಸುರಿದು ಬೇಸಾಯ ಮಾಡಿ, ಒಳ್ಳೆಯ ಫಸಲು ತೆಗೆದು, ಕೈಯಲ್ಲಿ ಏನೂ ಉಳಿಯದ್ದನ್ನು ಕಂಡುಕೊಂಡವರು. ಆಮೇಲೆ ಜಪಾನಿನ ಸಹಜ ಕೃಷಿಕ ಫುಕುವೋಕಾ ಅವರ ಬರಹದಿಂದ ದಾರಿ ಬದಲಿಸಿದರು. ದೊಡ್ಡಬಳ್ಳಾಪುರದ ಮರೇನಹಳ್ಳಿಯಲ್ಲಿ ಅವರ ತೋಟ ಎಷ್ಟೋ ಜನಕ್ಕೆ ಪಾಠಶಾಲೆಯಾಗಿತ್ತು. 2019ರ ಜನವರಿಯಲ್ಲಿ ತೀರಿಕೊಂಡರು. ಅವರ ದಾರಿ ಎಲ್ಲ ಹೊಲಕ್ಕೂ ಹೊಂದುತ್ತದೆ ಎಂದು ನಾನು ನಂಬಿಲ್ಲ. ಆದರೆ ಫಸಲು ಚೆನ್ನಾಗಿರುವಾಗಲೇ ಕೂತು ಲೆಕ್ಕ ಹಾಕಿದರಲ್ಲ, ಅದನ್ನು ಕಲಿಯಿರಿ.

ಹೋದ ಭಾನುವಾರ ಆ ಹುಡುಗನ ಜೊತೆ ಮಾಲೂರಿಗೆ ಹೋಗಿದ್ದೆ. ಬ್ರೋಷರಿನಲ್ಲಿದ್ದ ಜಾಗವನ್ನು ಆಮೇಲೆ ನೋಡೋಣ, ಮೊದಲು ಪಕ್ಕದ ಹೊಲದವರ ಮನೆಗೆ ಬಾ ಎಂದೆ. ಜಗುಲಿಯಲ್ಲಿ ಕೂತು ಆ ಯಜಮಾನರ ಟೊಮೆಟೊ ಲೆಕ್ಕ ಬರೆಯಲು ಹೇಳಿದೆ. ಸಸಿ, ಮಲ್ಚಿಂಗ್ ಶೀಟು, ಡ್ರಿಪ್ಪು, ಕಡ್ಡಿ, ದಾರ, ಔಷಧಿ, ಟೆಂಪೋ ಬಾಡಿಗೆ, ಕಮಿಷನ್. ಹುಡುಗ ಚುರುಕು, ಫೋನಿನಲ್ಲೇ ಕೂಡಿ ಒಟ್ಟು ಹೇಳಿದ. ಆ ವರ್ಷ ಅಷ್ಟೋ ಇಷ್ಟೋ ಲಾಭವೇ ಆದಂತೆ ಕಂಡಿತು. ಮನೆಯಾಕೆ ಕಾಫಿ ತಂದಿಟ್ಟು ಅಲ್ಲೇ ನಿಂತಿದ್ದರು. ಕಡ್ಡಿ ನೆಟ್ಟವರು, ಕಟ್ಟಿದವರು, ಹಣ್ಣು ಬಿಡಿಸಿದವರು ಅವರೇ.

"ಎಲ್ಲಾ ಬರ್ದೆ ಕಣಪ್ಪ ನೀನು," ಎಂದರು. "ನನ್ ಕೂಲಿ ಎಲ್ಲಿ ಬರ್ದೆ?"

ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಫೋನು ಮಡಿಲಿಗಿಟ್ಟು, ಚೀಲದಿಂದ ಒಂದು ನೋಟ್‌ಬುಕ್ ತೆಗೆದ. "ಎಷ್ಟು ದಿನ ಅಮ್ಮ?" ಎಂದ. ಅವರು ಬೆರಳು ಮಡಿಸುತ್ತಾ ಯುಗಾದಿಯಿಂದ ಎಣಿಸಲು ಶುರು ಮಾಡಿದರು.