ವಿಡಿಯೋ ಚಿತ್ರ ತಯಾರಿಕೆ: ಕರಾರು ಮತ್ತು ಹಕ್ಕುಗಳು

ಹೋಟೆಲು, ಬಟ್ಟೆ ಅಂಗಡಿ, ಆಭರಣ ಮಳಿಗೆ, ಮನೆಪಾಠದ ತರಗತಿ ಮುಂತಾದ ಸಣ್ಣ ಉದ್ಯಮಗಳು ಇಂದು ತಮ್ಮ ಪ್ರಚಾರಕ್ಕಾಗಿ ಕಿರು ವಿಡಿಯೋ ಚಿತ್ರಗಳನ್ನು ಮಾಡಿಸುತ್ತಿವೆ. ಯಾವ ಸಂಸ್ಥೆಯ ನೌಕರರೂ ಅಲ್ಲದ ಸ್ವತಂತ್ರ ವೃತ್ತಿಗಾರರು ಈ ಕೆಲಸವನ್ನು ವಹಿಸಿಕೊಳ್ಳುವುದುಂಟು. ಪರಿಚಯದವರೆಂಬ ವಿಶ್ವಾಸದಿಂದ ಮಾತುಕತೆಯೆಲ್ಲ ಬಾಯಿಮಾತಿನಲ್ಲಿಯೇ ಮುಗಿದರೆ, ಚಿತ್ರ ಕೈಸೇರಿದ ಮೇಲೆ ಹಣದ ಬಗೆಗೂ ಹಕ್ಕಿನ ಬಗೆಗೂ ವಿವಾದಗಳು ತಲೆದೋರುತ್ತವೆ. ಆದುದರಿಂದ ಕಾನೂನು ಏನು ಹೇಳುತ್ತದೆ ಎಂಬುದನ್ನು ಇಬ್ಬರೂ ಮೊದಲೇ ಅರಿತಿರುವುದು ಅಗತ್ಯ.

ಚಿತ್ರದ ಒಡೆತನ ಯಾರದು?

ಕೃತಿಸ್ವಾಮ್ಯ ಅಧಿನಿಯಮ, 1957ರಲ್ಲಿ ‘ಚಲನಚಿತ್ರ’ ಎಂಬ ಪದವು ವಿಡಿಯೋ ಚಿತ್ರವನ್ನೂ ಒಳಗೊಳ್ಳುತ್ತದೆ. ಕೃತಿಯ ಕರ್ತೃವೇ ಅದರ ಮೊದಲ ಒಡೆಯನೆಂಬುದು ಸಾಮಾನ್ಯ ನಿಯಮ. ಆದರೆ 17ನೆಯ ಪ್ರಕರಣದಲ್ಲಿ ಒಂದು ಮುಖ್ಯ ಅಪವಾದವಿದೆ. ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲಕ್ಕಾಗಿ ತಯಾರಿಸಿದ ಚಲನಚಿತ್ರಕ್ಕೆ, ಬೇರೆ ರೀತಿಯ ಒಪ್ಪಂದವಿಲ್ಲದಿದ್ದಲ್ಲಿ, ಅದನ್ನು ಮಾಡಿಸಿದವರೇ ಮೊದಲ ಒಡೆಯರಾಗುತ್ತಾರೆ.

ಮುಂಬಯಿಯ ಮಾಟುಂಗದ ಒಂದು ಉಪಾಹಾರ ಗೃಹದವರು 40,000 ರೂಪಾಯಿಗೆ ಮೂರು ನಿಮಿಷಗಳ ಚಿತ್ರವೊಂದನ್ನು ಮಾಡಿಸಿದರೆಂದು ಭಾವಿಸೋಣ. ಒಪ್ಪಂದವಿಲ್ಲದಿದ್ದರೆ ಅವರು ಅದೇ ಚಿತ್ರವನ್ನು ಪುಣೆಯಲ್ಲಿ ತೆರೆದ ಹೊಸ ಶಾಖೆಗೂ ಬಳಸಬಹುದು. ಹೆಚ್ಚಿನ ಹಣ ಕೊಡಬೇಕಾಗಿಲ್ಲ. ಚಿತ್ರ ತೆಗೆದವರಾದರೋ ಅದರೊಳಗಿನ ದೃಶ್ಯವನ್ನು ಮತ್ತೊಬ್ಬ ಗ್ರಾಹಕರ ಚಿತ್ರದಲ್ಲಿ ಅನುಮತಿಯಿಲ್ಲದೆ ಸೇರಿಸುವಂತಿಲ್ಲ. ‘ಕೃತಿಸ್ವಾಮ್ಯವು ತಯಾರಕರದು; ಉಪಾಹಾರ ಗೃಹಕ್ಕೆ ಎರಡು ವರ್ಷ ಬಳಸುವ ಪರವಾನಗಿ ಮಾತ್ರ’ ಎಂದು ಮೊದಲೇ ಬರೆದು ಸಹಿ ಮಾಡಿದ್ದರೆ ಪರಿಸ್ಥಿತಿ ಬೇರೆಯಾಗುತ್ತದೆ. ಆದುದರಿಂದ ಹಕ್ಕನ್ನು ಉಳಿಸಿಕೊಳ್ಳಬಯಸುವ ತಯಾರಕರು ಚಿತ್ರೀಕರಣಕ್ಕೆ ಮುಂಚೆಯೇ ಕರಾರು ಮಾಡಿಕೊಳ್ಳಬೇಕು.

ಹಕ್ಕನ್ನು ತಮ್ಮಲ್ಲಿ ಉಳಿಸಿಕೊಂಡ ತಯಾರಕರು ಮುಂದೆ ಅದನ್ನು ಗ್ರಾಹಕರಿಗೆ ವರ್ಗಾಯಿಸುವುದಾದರೆ, ಆ ವರ್ಗಾವಣೆ ಲಿಖಿತವಾಗಿದ್ದು ಅದಕ್ಕೆ ಅವರ ಸಹಿಯಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೆಯ ಪ್ರಕರಣವು ಭಾವಿಸುತ್ತದೆ. ವಿದೇಶಗಳಲ್ಲಿಯೂ ಪ್ರಚಾರ ಬಯಸುವ ಗ್ರಾಹಕರು ಇದನ್ನು ಗಮನಿಸಬೇಕು.

ಕರಾರಿನಲ್ಲಿ ಇರಬೇಕಾದ ಅಂಶಗಳು

(1) ಚಿತ್ರದ ಉದ್ದೇಶ, ಅವಧಿ, ಚಿತ್ರೀಕರಣದ ದಿನಗಳು ಮತ್ತು ಒಪ್ಪಿಸುವ ದಿನಾಂಕ.

(2) ಒಟ್ಟು ಮೊತ್ತ, ಮುಂಗಡ, ಉಳಿದ ಕಂತುಗಳು. ಕೆಲಸ ನಡುವೆ ನಿಂತರೆ ಸಲ್ಲಬೇಕಾದ ಹಣ.

(3) ಎಷ್ಟು ಬಾರಿ ತಿದ್ದುಪಡಿ ಮಾಡಿಕೊಡಲಾಗುವುದು, ಅದಕ್ಕೂ ಮೀರಿದರೆ ಎಷ್ಟು ಶುಲ್ಕ ಎಂಬ ವಿವರ.

(4) ಕೃತಿಸ್ವಾಮ್ಯ ಯಾರದು, ಯಾವಾಗಿನಿಂದ ಎಂಬ ನಮೂದು. ಪೂರ್ಣ ಹಣ ಸಂದ ನಂತರವೇ ಹಕ್ಕು ಗ್ರಾಹಕರಿಗೆ ಸೇರುವುದೆಂದು ಬರೆದುಕೊಳ್ಳುವುದು ತಯಾರಕರಿಗೆ ಕ್ಷೇಮಕರ.

(5) ಸಂಕಲನಕ್ಕೆ ಮುಂಚಿನ ಮೂಲ ದೃಶ್ಯಗಳು ಯಾರ ವಶದಲ್ಲಿ, ಎಷ್ಟು ಕಾಲ ಇರಬೇಕು ಎಂಬುದು.

(6) ತಯಾರಕರು ತಮ್ಮ ಕೆಲಸದ ಮಾದರಿಯಾಗಿ ಚಿತ್ರವನ್ನು ಇತರರಿಗೆ ತೋರಿಸಬಹುದೇ ಎಂಬುದು.

(7) ಸಂಗೀತಕ್ಕೆ ಅನುಮತಿ ಪಡೆಯುವ ಹೊಣೆ ಯಾರದು ಎಂಬುದು. ಜನಪ್ರಿಯ ಚಿತ್ರಗೀತೆಯನ್ನು ಹಕ್ಕುದಾರರ ಅನುಮತಿಯಿಲ್ಲದೆ ಪ್ರಚಾರ ಚಿತ್ರಕ್ಕೆ ಬಳಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ.

ಹಣ ಬಾರದಿದ್ದಲ್ಲಿ

ಭಾರತೀಯ ಕರಾರು ಅಧಿನಿಯಮ, 1872ರಂತೆ ಬಾಯಿಮಾತಿನ ಒಪ್ಪಂದವೂ ಸಿಂಧುವಾಗಬಹುದು. ಆದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ಆದ್ದರಿಂದ ಪತ್ರ, ಸಂದೇಶ, ರಸೀದಿಗಳನ್ನು ಜೋಪಾನವಾಗಿಡಬೇಕು. ಮಾಡಿದ ಕೆಲಸದ ಹಣಕ್ಕಾಗಿ ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿಯಿದೆ.

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006 ಇನ್ನೊಂದು ಮಾರ್ಗವನ್ನು ಒದಗಿಸಿದೆ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವರಿಗೆ ಗ್ರಾಹಕರು ಒಪ್ಪಿದ ದಿನದೊಳಗೆ ಹಣ ಪಾವತಿಸಬೇಕು. ಆ ಗಡುವು ಕೆಲಸವನ್ನು ಅಂಗೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಕೊಡಬೇಕಾಗುತ್ತದೆ. ಇಂತಹ ವಿವಾದವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಯ ಮುಂದೆ ತರಬಹುದು. ಗ್ರಾಹಕರು ಭಾರತದಲ್ಲಿ ಎಲ್ಲಿಯೇ ಇರಲಿ, ತಯಾರಕರು ನೆಲೆಸಿರುವ ಪ್ರದೇಶದ ಮಂಡಳಿಗೆ ಅದನ್ನು ವಿಚಾರಿಸುವ ಅಧಿಕಾರವಿದೆ. ಚೆನ್ನೈಯಲ್ಲಿರುವ ವೃತ್ತಿಗಾರರು ಬೆಂಗಳೂರಿನ ಗ್ರಾಹಕರಿಂದ ಬರಬೇಕಾದ ಹಣಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 1 ಜುಲೈ 2020ರಿಂದ ಜಾರಿಗೆ ಬಂದಿರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಾಯಿಸಿಕೊಳ್ಳುವುದು ಲೇಸು.

ಕರಾರು ದೀರ್ಘವಾಗಿರಬೇಕೆಂದಿಲ್ಲ, ಸಣ್ಣ ಕೆಲಸಕ್ಕೆ ಒಂದೆರಡು ಪುಟಗಳು ಸಾಕು. ಅದು ಇಂತಹ ಭಾಷೆಯಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ಉಭಯ ಪಕ್ಷದವರೂ ಓದಿ ಅರ್ಥಮಾಡಿಕೊಳ್ಳಬಲ್ಲ ಭಾಷೆಯಲ್ಲಿ ಬರೆದು, ಪ್ರತಿ ಪುಟಕ್ಕೂ ಸಹಿ ಹಾಕಿ, ತಲಾ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಹೆಚ್ಚಿನ ಮೊತ್ತದ ಕೆಲಸವಾದರೆ ಸಹಿಗೆ ಮುನ್ನ ವಕೀಲರ ಸಲಹೆ ಪಡೆಯುವುದು ಒಳಿತು.