ಮೊದಲ ತಟ್ಟೆ ಬೆಳ್ಳಿಗೆ

ಬೆಕ್ಕಿನ ಮರಿ ತಂದಿದ್ದೀಯ, ಸಂತೋಷ ಕಣವ್ವ. ಆಲೆಮನೆಯ ಕಬ್ಬಿನ ಸಿಪ್ಪೆ ರಾಶಿ ಒಳಗೆ ತಾಯಿ ಇಲ್ಲದೆ ಕೂಗ್ತಿದ್ದವು ಅಂತ ನಿನ್ನ ಯಜಮಾನರು ಹೇಳಿದರು. ಎರಡನ್ನೂ ತಂದದ್ದು ಒಳ್ಳೆಯದೇ ಆಯಿತು. ಒಂಟಿ ಮರಿಗೆ ಆಟಕ್ಕೆ ನಿನ್ನ ದೊಡ್ಡ ಬೆಕ್ಕು ಬೆಳ್ಳಿಯ ಬಾಲವೇ ಗತಿ. ಜೋಡಿ ಇದ್ದರೆ ಒಂದಕ್ಕೊಂದು ಕಚ್ಚಾಡಿಕೊಂಡು ದೊಡ್ಡದನ್ನು ಅಷ್ಟಿಷ್ಟು ನೆಮ್ಮದಿಯಾಗಿ ಬಿಡುತ್ತವೆ. ಆದರೆ ಫೋನಿನಲ್ಲಿ ನೀನು ಕೇಳಿದ್ದೆಲ್ಲ ಮರಿಗಳ ಬಗ್ಗೆಯೇ. ಮರಿಗೇನು, ಹೊಟ್ಟೆಗಿಷ್ಟು ಹಾಕಿ ಬೆಚ್ಚಗೆ ಮಲಗಿಸಿದರೆ ನಾಳೆಯೇ ಒಗ್ಗಿಕೊಳ್ಳುತ್ತವೆ. ನಾನು ಹೇಳಬೇಕಾದದ್ದು ಬೆಳ್ಳಿ ವಿಚಾರ. ಐದು ವರ್ಷದಿಂದ ಗುತ್ತಲಿನ ಆ ಮನೆ ಅವಳದು. ಬಾಡಿಗೆ ಕಟ್ಟುವವರು ನೀವು ಅನ್ನುವುದು ಅವಳಿಗೆ ಗೊತ್ತಿಲ್ಲ.

ಮೊದಲು ಮಾಡಬೇಕಾದ ಕೆಲಸ, ಮರಿಗಳನ್ನು ಅವಳ ಮುಂದೆ ಹಿಡಿದು 'ನೋಡೇ ಬೆಳ್ಳಿ, ತಮ್ಮ ಬಂದವ್ನೆ' ಅಂತ ತೋರಿಸೋದನ್ನು ನಿಲ್ಲಿಸು. ಹಿಂದಿನ ಚಿಕ್ಕ ಕೋಣೆ ಖಾಲಿ ಮಾಡಿ ಬಾಣಂತಿ ಕೋಣೆಯ ಹಾಗೆ ಬೇರೆ ಇಡು. ಹದಿನೈದು ದಿನ ಬಾಗಿಲು ಹಾಕಿರಲಿ. ಇದು ಬರೀ ಜಗಳ ತಪ್ಪಿಸೋಕಲ್ಲ. ಬೀದಿಯಿಂದ ಬಂದ ಮರಿಗಳ ಜೊತೆ ಹುಳ, ಚಿಗಟ, ನೆಗಡಿ ಎಲ್ಲ ಬರಬಹುದು. ಅದಕ್ಕಿಂತ ಕೆಟ್ಟದ್ದು ಪಾರ್ವೋ ಅಂತಾರಲ್ಲ, ಬೆಕ್ಕುಗಳ ವಾಂತಿಭೇದಿ ಕಾಯಿಲೆ. ಅದರ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಅದಕ್ಕೇ ಮರಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಬೆಳ್ಳಿಯನ್ನು ಮುಟ್ಟು. ಈ ವಾರವೇ ಪಶುವೈದ್ಯರಿಗೆ ತೋರಿಸಿ ಜಂತುಹುಳದ ಔಷಧಿ ಹಾಕಿಸು. ಎಂಟು ವಾರ ತುಂಬಿದ ಮೇಲೆ ಮೊದಲ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಮೂರು ತಿಂಗಳಿಗೆ ರೇಬಿಸ್‌ದು. ಬೆಳ್ಳಿಯ ಲಸಿಕೆ ಚೀಟಿಯೂ ಹುಡುಕಿ ತಗೊಂಡು ಹೋಗು. ನಾಯಿಗೆ ತಂದ ಉಣ್ಣೆ ಔಷಧಿಯನ್ನು ಮಾತ್ರ ಬೆಕ್ಕಿಗೆ ಹಚ್ಚಬೇಡ, ಜ್ವರ ಬಂತು ಅಂತ ಪ್ಯಾರಾಸಿಟಮಾಲ್ ಅರ್ಧ ಮಾಡಿ ಹಾಕಬೇಡ. ಎರಡೂ ಬೆಕ್ಕಿನ ಪ್ರಾಣ ತೆಗೆಯುತ್ತವೆ.

ಹಾಲಿನ ವಿಚಾರಕ್ಕೂ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಹಾಲಿಗೇನೂ ಬರ ಇಲ್ಲ, ಮರಿ ಕಂಡರೆ ಬಟ್ಟಲು ಬಗ್ಗಿಸೋದೇ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಅರಗಲ್ಲ, ಭೇದಿಯಾಗಿ ಸೊರಗುತ್ತವೆ. ನಿನ್ನವಕ್ಕೆ ಹಲ್ಲು ಬಂದಿವೆಯಲ್ಲ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಕಿವುಚಿ ಕೊಡು, ಜೊತೆಗೆ ಅಂಗಡಿಯ ಮರಿ ಬೆಕ್ಕಿನ ಆಹಾರ ನೆನೆಸಿ ಹಾಕು. ಕುಡಿಯೋಕೆ ನೀರೇ ಸಾಕು.

ಈಗ ಬೆಳ್ಳಿ. ಬೆಕ್ಕು ನೆಂಟಸ್ತಿಕೆ ಮಾಡೋದು ಮೂಗಿನಿಂದ. ಅವಳು ಬಾಗಿಲ ಮೂಲೆಗೆ, ಮಂಚದ ಕಾಲಿಗೆ, ನಿನ್ನ ಕಾಲಿಗೂ ಕೆನ್ನೆ ಉಜ್ಜುತ್ತಾಳಲ್ಲ, ಅದು ಇದೆಲ್ಲ ನನ್ನದು ಅಂತ ಹಾಕೋ ಮೊಹರು. ಹಳೇ ಪಂಚೆ ಹರಿದು ಎರಡು ತುಂಡು ಮಾಡು. ಒಂದರಲ್ಲಿ ಬೆಳ್ಳಿಯ ಕೆನ್ನೆ ಒರೆಸಿ ಮರಿಗಳ ಹಾಸಿಗೆಗೆ ಹಾಕು. ಹದಿನೈದು ದಿನ ಕಳೆದು ವೈದ್ಯರು ಮರಿಗಳು ಚೆನ್ನಾಗಿವೆ ಅಂದ ಮೇಲೆ, ಇನ್ನೊಂದರಲ್ಲಿ ಮರಿಗಳ ಮೈ ಒರೆಸಿ ಬೆಳ್ಳಿಯ ತಟ್ಟೆಯಿಂದ ಒಂದು ಮಾರು ದೂರ ಇಡು. ಅವಳು ಮಲಗೋ ಜಾಗದಲ್ಲಿ ಇಡಬೇಡ, ಅದು ಅವಳಿಗೆ ಉಳಿದಿರೋ ಕೋಟೆ. ಮೊದಲ ದಿನ ಮೂಸಿ ಬುಸ್ ಅಂದು ಹೋಗುತ್ತಾಳೆ. ಹೋಗಲಿ. ವಾಸನೆ ಬಂದಾಗಲೆಲ್ಲ ಮೀನಿನ ತುಂಡೂ ಬರುತ್ತೆ ಅನ್ನೋದು ಅವಳ ತಲೆಗೆ ಹತ್ತಬೇಕು, ಅಷ್ಟೇ ಉಪಾಯ. ಆಮೇಲೆ ಮುಚ್ಚಿದ ಬಾಗಿಲಿನ ಆ ಕಡೆ ಈ ಕಡೆ ಒಟ್ಟಿಗೆ ಊಟ ಹಾಕು, ದಿನಕ್ಕೆ ಒಂದೊಂದು ಗೇಣು ತಟ್ಟೆ ಹತ್ತಿರ ಮಾಡು. ಅವಳು ಊಟ ಬಿಟ್ಟು ಬಾಗಿಲನ್ನೇ ನೋಡಿದರೆ ನಿನಗೆ ಅವಸರವಾಯಿತು ಅಂತ ತಿಳಿ, ಹಿಂದಕ್ಕೆ ಸರಿಸು.

ಇಷ್ಟಕ್ಕೆ ಬೆಳ್ಳಿ ಒಗ್ಗಿದ ಮೇಲೆ ಬಾಗಿಲಿಗೆ ಸೊಳ್ಳೆ ಜಾಲರಿ ಅಡ್ಡ ಕಟ್ಟಿ ಮುಖ ತೋರಿಸು. ಕೊನೆಗೆ ಒಂದೇ ಕೋಣೆಯಲ್ಲಿ ಐದು ನಿಮಿಷ, ನೀನು ಅಲ್ಲೇ ಕೂತಿದ್ದು. ಆಗ ಕೈಗೆಟಕುವ ಹಾಗೆ ಒಂದು ಮೊರ ಇಟ್ಟುಕೋ. ಬುಸ್ ಅನ್ನೋದು, ಉಗುರು ಚಾಚದೆ ತಲೆ ಮೇಲೆ ಒಂದು ಕೊಡೋದು, ಇದೆಲ್ಲ ದೊಡ್ಡವರು ಚಿಕ್ಕವರಿಗೆ ಬುದ್ಧಿ ಹೇಳೋ ರೀತಿ. ಅದಕ್ಕೆ ಅವಳನ್ನು ಗದರಿದೆಯೋ, ಮರಿ ಬಂದದ್ದಕ್ಕೇ ನನಗೆ ಬೈಗುಳ ಅಂತ ಲೆಕ್ಕ ಇಟ್ಟುಕೊಳ್ಳುತ್ತಾಳೆ. ಆದರೆ ಕಿವಿ ತಲೆಗಂಟಿ, ಮೈ ನೆಲಕ್ಕಂಟಿ, ಬಾಲ ಪಟಪಟ ಬಡಿಯುತ್ತ ರೆಪ್ಪೆ ಮಿಟುಕಿಸದೆ ನೋಡಿದರೆ, ಮೊರ ಮಧ್ಯಕ್ಕೆ ಜಾರಿಸು. ಕೈ ಹಾಕಬೇಡ, ನಿನ್ನ ಕೈಯೇ ಹರಿದೀತು. ಆ ದಿನಕ್ಕೆ ಅಷ್ಟು ಸಾಕು. ಕೆಲವಕ್ಕೆ ವಾರ, ಕೆಲವಕ್ಕೆ ತಿಂಗಳೂ ಹಿಡಿಯುತ್ತೆ. ಒಟ್ಟಿಗೆ ಮಲಗಲೇಬೇಕು ಅಂತ ಏನೂ ಇಲ್ಲ.

ಮರಿ ಹತ್ತಲಾಗದ ಎತ್ತರ ಅವಳಿಗೊಂದು ಇರಲಿ, ಬೀರುವಿನ ತಲೆಯೋ ಅಟ್ಟವೋ. ಗಾರೆ ಬಾಂಡ್ಲಿಯಲ್ಲಿ ಮರಳು ತುಂಬಿ ಮೂರು ನಾಲ್ಕು ಕಡೆ ಇಡು; ಒಂದನ್ನೇ ಹಂಚಿಕೊಳ್ಳಿ ಅಂದರೆ ಮುನಿದ ಬೆಕ್ಕು ನಿನ್ನ ಹಾಸಿಗೆಯನ್ನೇ ಆರಿಸಿಕೊಳ್ಳುತ್ತೆ. ಊಟ ಬಡಿಸುವಾಗ ಮೊದಲ ತಟ್ಟೆ ಬೆಳ್ಳಿಗೆ.

ನಿಮ್ಮತ್ತೆ ಮೂರು ಬೆಕ್ಕು ಮನೆಗೆ ಅಪಶಕುನ ಅಂತಿದ್ದಾರಂತೆ. ಮದ್ದೂರು ತಾಲ್ಲೂಕಿನ ಬೆಕ್ಕಳಲೆಗೆ ಒಂದ್ಸಲ ಕರಕೊಂಡು ಹೋಗು. ಅಲ್ಲಿ ಬೆಕ್ಕು ಅಂದರೆ ಮಂಗಮ್ಮ ದೇವಿಯೇ ಅಂತ ನಂಬಿ ಗುಡಿ ಕಟ್ಟಿ ಪೂಜೆ ಮಾಡುತ್ತಾರೆ, ಸತ್ತರೆ ಬಿಸಾಕದೆ ಮಣ್ಣು ಮಾಡುತ್ತಾರೆ. ವಾದ ಮಾಡೋದಕ್ಕಿಂತ ಅದು ಸಲೀಸು.

ನಿನ್ನ ಯಜಮಾನರಿಗೂ ಒಂದು ಮಾತು ಹೇಳಿಬಿಡು. ಆಲೆಮನೆದು ಸರಿ, ಆದರೆ ಕಬ್ಬು ಕಡಿಯುವಾಗ ಗದ್ದೆಯಲ್ಲಿ ಮರಿ ಸಿಕ್ಕಿತು ಅಂತ ಎತ್ತಿಕೊಂಡು ಬರಬಾರದು. ಕಾಡುಬೆಕ್ಕಿನದೂ ಇರಬಹುದು, ಚಿರತೆಯದೂ ಇರಬಹುದು. ನಮ್ಮ ಕಡೆ ಎರಡೂ ಕಬ್ಬಿನಲ್ಲೂ ಮರಿ ಹಾಕುತ್ತವೆ. ಸಾಕೋದು ಕಾನೂನಿಗೆ ವಿರುದ್ಧ, ತಾಯಿ ಅಲ್ಲೇ ಹತ್ತಿರ ಇರುತ್ತೆ. ದೂರ ಸರಿದು ಅರಣ್ಯ ಇಲಾಖೆಗೆ ಫೋನ್ ಮಾಡಲಿ.

ಐದು ತಿಂಗಳು ತುಂಬೋದರೊಳಗೆ ಎರಡಕ್ಕೂ ಆಪರೇಷನ್ ಮಾಡಿಸು. ಇನ್ನೂ ಮರಿ ಅಂತ ನೀನು ಅಂದುಕೊಂಡಿರುವಾಗಲೇ ಹೆಣ್ಣು ಗಬ್ಬ ಆಗಿಬಿಡುತ್ತೆ, ಅರವತ್ತೈದು ದಿನಕ್ಕೆ ಇನ್ನೂ ನಾಲ್ಕು. ಆಪರೇಷನ್ ಆಗಿ ಮನೆಗೆ ಬಂದ ದಿನ, ಅಷ್ಟು ಹೊತ್ತಿಗೆ ಹೊಂದಿಕೊಂಡಿದ್ದ ಬೆಳ್ಳಿ ಮತ್ತೆ ಬುಸ್ ಅನ್ನಬಹುದು. ಆಸ್ಪತ್ರೆ ವಾಸನೆ ಅದು, ಗಾಬರಿ ಬೀಳಬೇಡ. ಎರಡು ದಿನ ಬಾಗಿಲು ಹಾಕಿ, ಪಂಚೆ ತುಂಡು ಮತ್ತೆ ಈಚೆಗೆ ತೆಗಿ.